ಅಕ್ಕ ಓದಿದ ದೋಣಿ

ಗುಂಡಿ, ದಾರ, ಸೂಜಿ ಮಾರುವ ಆ ಹೆಂಗಸನ್ನು ಬೀದಿಯವರೆಲ್ಲ ಗುಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿ ಕೇಳಿದ್ದನ್ನು ಆಕೆ ಒಮ್ಮೆ ಗಟ್ಟಿಯಾಗಿ ತಿರುಗಿ ಹೇಳಬೇಕು: "ಬಿಳಿ ಗುಂಡಿ ಒಂದು ಡಜನ್, ಕಾಮಾ, ಕರಿ ದಾರ ಎರಡುಂಡೆ. ಅಷ್ಟೇನಾ?" ಕಾಮಾವನ್ನೂ ಬಾಯಿಬಿಟ್ಟು ಹೇಳುವ ಈ ಚಾಳಿಗೆ ಹೊಸಬರು ನಗುತ್ತಿದ್ದರು. ಹಳಬರು ಮಾತ್ರ ನಗುತ್ತಿರಲಿಲ್ಲ. ಅದು ಅಂಗಡಿಯಲ್ಲಿ ಹತ್ತಿದ ಚಾಳಿಯಲ್ಲ, ಕಂಪ್ಯೂಟರ್ ಮುಂದೆ ತಮ್ಮನ ಪಕ್ಕ ಕೂತು ಹತ್ತಿದ್ದು ಎಂದು ಅವರಿಗೆ ಗೊತ್ತಿತ್ತು.

ಆಗಿನ ಮನೆ ಕಂಪ್ಯೂಟರ್ ಎಂದರೆ ಒಂದು ದಪ್ಪ ಕೀಬೋರ್ಡು, ಅಷ್ಟೇ. ಮಿದುಳೆಲ್ಲ ಅದರ ಹೊಟ್ಟೆಯಲ್ಲೇ. ಟೀವಿಗೆ ವೈರು ಸಿಕ್ಕಿಸಿದರೆ ಪರದೆ ಕಪ್ಪಾಗಿ, ಮೂಲೆಯಲ್ಲಿ ಒಂದು ಪುಟ್ಟ ಚೌಕ ಮಿಣುಕುತ್ತಿತ್ತು. ಚಿತ್ರವಿಲ್ಲ, ಮೌಸಿಲ್ಲ. ಹೇಳಿದರೆ ಮಾಡುತ್ತೇನೆ, ಹೇಳದಿದ್ದರೆ ಹೀಗೇ ಕೂತಿರುತ್ತೇನೆ ಎನ್ನುವ ಹಠಮಾರಿ ಆಳಿನ ಹಾಗೆ. ಮಾವ ತನಗೆ ಬೇಡವಾದದ್ದನ್ನು ತಂದುಕೊಟ್ಟಾಗ ಅಕ್ಕ ಶಾಲೆ ಬಿಟ್ಟಾಗಿತ್ತು. ತಮ್ಮ ಇನ್ನೂ ಓದುತ್ತಿದ್ದ. ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಒತ್ತಬೇಕಿತ್ತು. ಅಕ್ಕ ಓದುವುದು, ತಮ್ಮ ಒತ್ತುವುದು. ಅರ್ಥ ಇಬ್ಬರಿಗೂ ಅರೆಬರೆ. ಆದರೆ ಒಂದು ಕಾಮಾ ತಪ್ಪಿದರೆ ದಿನದ ದುಡಿಮೆಯೆಲ್ಲ ನೀರಲ್ಲಿ ಹೋಮ.

ಅವರು ಒತ್ತಿದ್ದರಲ್ಲೆಲ್ಲ ಉದ್ದದ್ದು ದೋಣಿಯ ಪ್ರೋಗ್ರಾಂ. ಸಮುದ್ರ, ಚಂದ್ರ, ಈ ದಡದಿಂದ ಆ ದಡಕ್ಕೆ ಹೋಗುವ ಒಂದು ದೋಣಿ. ಮೊದಲ ಸಲ ಕರೆಂಟು ಹೋಯಿತು. ಎರಡನೆಯ ಸಲ ಅಪ್ಪ ವಾರ್ತೆ ನೋಡಲೆಂದು ಯಂತ್ರದ ಕರೆಂಟು ವೈರನ್ನೇ ಕಿತ್ತರು. ಆ ಯಂತ್ರಕ್ಕೆ ಕರೆಂಟು ತಪ್ಪಿದರೆ ನೆನಪೂ ತಪ್ಪಿದಂತೆ. ಆಮೇಲೆ ತಮ್ಮ ಕಟ್ಟುಹಲ್ಲು ಮಾಡುವ ಕೆಲಸ ಕಲಿತ, ಊರಿನ ಬೊಚ್ಚುಬಾಯಿಗಳೆಲ್ಲ ಅವನ ಕೈಯಿಂದ ನಕ್ಕವು. ಯಂತ್ರ ಅಟ್ಟ ಸೇರಿತು. ದೋಣಿಯನ್ನು ಇಬ್ಬರೂ ನೋಡಲೇ ಇಲ್ಲ.

ಈಗ ತಮ್ಮನಿಗೆ ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದರ ನಡುವೆ ಮಸಿ ಮೆತ್ತಿದಂತಾಗಿತ್ತು. ಅಂಚಿನಲ್ಲಷ್ಟೇ ಕಾಣುತ್ತಿತ್ತು. ಆಪರೇಷನ್ ಮಾಡಿದರೆ ಬಂದರೂ ಬರಬಹುದು, ಇದ್ದದ್ದೂ ಹೋಗಬಹುದು ಎಂದಿದ್ದರು ಡಾಕ್ಟರು. ಸಂಜೆಯೊಳಗೆ ಆಸ್ಪತ್ರೆ ಸೇರಬೇಕು. ಬೆಳಿಗ್ಗೆ ಅಕ್ಕನಿಗೆ ಫೋನು ಬಂತು.

"ಅಕ್ಕ, ಯಂತ್ರ ಅಟ್ಟದಿಂದ ಇಳಿಸಿದೀನಿ. ಉಸಿರಾಡ್ತಿದೆ. ಇವತ್ತು ದೋಣಿ ನೋಡಿಬಿಡ್ತೀನಿ. ಆಮೇಲೆ ಈ ಕಣ್ಣು ಏನ್ ಬೇಕಾದ್ರೂ ಆಗಲಿ."

ಆ ಕೊನೆಯ ಮಾತು ಅಕ್ಕನಿಗೆ ಹಿಡಿಸಲಿಲ್ಲ. ಆದರೂ ಅಂಗಡಿಯ ಬಾಗಿಲು ಎಳೆದು ಹೊರಟಳು.

ಪ್ರೋಗ್ರಾಮನ್ನು ಕ್ಯಾಸೆಟ್ಟಿಗೆ ಇಳಿಸುವ ಟೇಪ್‌ರೆಕಾರ್ಡರಿನ ಬೆಲ್ಟು ಅಂಟಾಗಿ ಕರಗಿಹೋಗಿದ್ದರಿಂದ ಒತ್ತಿದ್ದನ್ನು ಉಳಿಸುವ ದಾರಿಯೇ ಇರಲಿಲ್ಲ. ಒಂದೇ ಕೂರಿಕೆಯಲ್ಲಿ ಮುಗಿಯಬೇಕು. ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣಂಚಿನಲ್ಲಿ ಪರದೆ ಹಿಡಿದು ತಮ್ಮ ಕೂತ. ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಅಕ್ಕ ಕನ್ನಡಕ ಏರಿಸಿ, ಯಂತ್ರದ ಜೊತೆಗೇ ಅಟ್ಟದಿಂದ ಇಳಿದ ಹಳೆಯ ಪತ್ರಿಕೆ ಓದತೊಡಗಿದಳು. ಆಸ್ಪತ್ರೆಗೆ ಚೀಲ ತುಂಬುತ್ತಿದ್ದ ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದು ಬಂದಳು.

"ಅದನ್ನ ಹಾಕಬೇಡ ಕಣೇ!" ಎಂದ ತಮ್ಮ. "ಫ್ಯೂಸ್ ಹೋದ್ರೆ ನನ್ನ ಕಥೆ ಮುಗೀತು."

"ಸುಕ್ಕು ಅಂಗೀಲಿ ಆಸ್ಪತ್ರೆಗೆ ಹೋಗ್ತೀರಾ?"

"ಅಲ್ಲಿ ಅವರೇ ಒಂದು ಗೋಣಿಚೀಲ ತೊಡಿಸ್ತಾರೆ ತಾಯಿ, ಬಿಡು."

"ನೋಡಿ ಅತ್ತಿಗೆ, ಮದುವೆಗಿಂತ ಮುಂಚೆ ಇದೊಂದು ಸವತಿ ಇದೆ ಅಂತ ನೀವಾದ್ರೂ ಹೇಳಬಾರದಿತ್ತಾ?"

"ಅಟ್ಟದ ಮೇಲಿದ್ದಳಲ್ಲ, ಸತ್ತಳು ಅಂದ್ಕೊಂಡಿದ್ದೆ," ಎಂದು ಅಕ್ಕ ಮುಂದಿನ ಸಾಲಿಗೆ ಹೋದಳು. "ಇನ್ನೂರ ನಲವತ್ತು, ಗೋ ಟು ತೊಂಬತ್ತು."

ಓದುತ್ತಾ ಓದುತ್ತಾ ಒಂದು ಕಡೆ ನಿಂತಳು. ಮಸಿ ಹರಡಿದ ಅಂಕಿ. ಮೂರೋ, ಎಂಟೋ.

"ಯಾಕೆ ನಿಲ್ಲಿಸಿದೆ?"

"ತಾಳು. ಸರಿಯಾಗಿ ಕಾಣ್ತಿಲ್ಲ."

"ಒಬ್ಬರಿಗೆ ಕಾಣದಿದ್ರೆ ಸಾಕಾಗಿತ್ತು," ಎಂದ ತಮ್ಮ. ನಗಲು ಹೋದ, ನಗು ಬರಲಿಲ್ಲ. ಯಂತ್ರದ ಬೆನ್ನು ಮುಟ್ಟಿ ನೋಡಿದ. "ಕಾದ ಕಾವಲಿ ಆಗಿದೆ. ಬೇಗ ಅಕ್ಕ."

ಆಕೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೇರೆ ಸಾಲಿನ ಮೂರರ ಪಕ್ಕದಲ್ಲಿಟ್ಟು ಹೋಲಿಸಿ, "ಮೂರು," ಎಂದಳು.

ಕೊನೆಯ ಸಾಲು ಮುಗಿಯುವಾಗ ಕೆಳಗೆ ಟ್ಯಾಕ್ಸಿಯವನ ಹಾರ್ನು ಕೇಳಿಸಿತು. ತಮ್ಮ ರನ್ ಎಂದು ಒತ್ತಿದ. ಪರದೆ ಬರೆಯಿತು: ಎರರ್. ಯಾವ ಸಾಲಿನಲ್ಲೆಂದೂ ಹೇಳಿತು. ಅಕ್ಕ ಆ ಸಾಲನ್ನು ಮತ್ತೆ ಓದಿದಳು. ಕಾಮಾ ಇರಬೇಕಾದಲ್ಲಿ ತಮ್ಮ ಚುಕ್ಕೆ ಒತ್ತಿದ್ದ.

"ನನ್ನ ತಪ್ಪಲ್ಲಪ್ಪ," ಎಂದಳು, ಹುಡುಗಿಯ ಹಾಗೆ.

"ಆಯ್ತು ಆಯ್ತು, ನಿನಗೆ ಕಿರೀಟ ಇಡೋಣ," ಎಂದು ತಿದ್ದಿದ. ಮತ್ತೆ ಹಾರ್ನು. ಹೆಂಡತಿ ಕಿಟಕಿಯಿಂದ ಬಗ್ಗಿ, "ಬಂದ್ವಿ, ಬಂದ್ವಿ!" ಎಂದು ಕೂಗಿದಳು. ತಮ್ಮ ಮತ್ತೊಮ್ಮೆ ರನ್ ಒತ್ತಿದ.

ಪರದೆ ಬರಿದಾಯಿತು. ಒಂದೊಂದೇ ಚುಕ್ಕೆ ಮೂಡಿ ನೀರಿನ ಗೆರೆಯಾಯಿತು. ಮೇಲೆ ಚಂದ್ರ ಮೆಲ್ಲಗೆ, ಸೂಜಿಯಲ್ಲಿ ಕಸೂತಿ ಹಾಕಿದ ಹಾಗೆ, ದುಂಡಗಾಯಿತು. ಎಡದ ಅಂಚಿನಲ್ಲಿ ಚೌಕ ಚೌಕ ಜೋಡಿಸಿದ ಒರಟು ದೋಣಿ ಬಂತು. ಒಂದು ಹೆಜ್ಜೆ, ತಡೆದು ಇನ್ನೊಂದು ಹೆಜ್ಜೆ.

"ಬಂತಲ್ವಾ? ಎಡಗಡೆ?" ತಮ್ಮ ಕೇಳಿದ.

"ಬಂತು ಕಣೋ. ಹೋಗ್ತಿದೆ."

ಹೆಂಡತಿ ಚೀಲದ ಮೇಲೆಯೇ ಕೂತುಬಿಟ್ಟಳು. ದೋಣಿ ಚಂದ್ರನ ಕೆಳಗೆ ಬಂತು, ಅಲ್ಲಿ ನಿಂತಿತು. ಅಕ್ಕ ಕಾದಳು. ಹೆಜ್ಜೆ ಬರಲಿಲ್ಲ. ಯಂತ್ರ ಕಾವಿಗೆ ಮರಗಟ್ಟಿತ್ತು. ತಮ್ಮನಿಗೆ ಅದು ತಿಳಿಯಲಿಲ್ಲ. ಬೆಳಕಿನ ಒಂದು ಮಸುಕಷ್ಟೇ ಅವನ ಪಾಲಿಗೆ. ಅದು ಚಲಿಸಿತೋ ಇಲ್ಲವೋ ಎಂದು ಗುರುತಿಸುವಷ್ಟು ಕಣ್ಣು ಉಳಿದಿರಲಿಲ್ಲ.

"ದಡ ಮುಟ್ಟಿತಾ ಅಕ್ಕ?"

ಅವನ ಬೆನ್ನ ಹಿಂದೆ ಹೆಂಡತಿ ಕೈಮುಗಿದಳು. ಮುಟ್ಟಿತು ಅನ್ನಿ, ಎಂದು ತುಟಿಯಲ್ಲೇ ಬೇಡಿದಳು. ಒಂದೇ ಒಂದು ಮಾತು. ಆ ಮಾತಿನಿಂದ ಅವನು ಸಮಾಧಾನವಾಗಿ ಎದ್ದು ಹೋಗುತ್ತಿದ್ದ. ಅಕ್ಕ ಮನಸ್ಸಿನಲ್ಲೇ ದೇವರನ್ನು ನೆನೆದಳು. ಸುಳ್ಳಾಡಲು ಧೈರ್ಯ ಕೇಳಿದಳೋ ನಿಜ ಹೇಳಲು ಕೇಳಿದಳೋ, ಆಕೆಗೇ ತಿಳಿಯದು.

"ಇಲ್ಲ ಕಣೋ. ನಡುನೀರಲ್ಲಿ ನಿಂತುಬಿಟ್ಟಿದೆ. ಯಂತ್ರ ಬಿಸಿಯಾಗಿ ಕೈಕೊಟ್ಟಿತು."

ತಮ್ಮ ಕೀಬೋರ್ಡಿನಿಂದ ಕೈ ತೆಗೆದ. ಎದ್ದು, ಗೋಡೆ ಸವರಿಕೊಂಡು, ಅಕ್ಕ ಚಾಚಿದ ಕೈ ಹಿಡಿಯದೆ ಮೆಟ್ಟಿಲಿಳಿದ. ಹೆಂಡತಿ ಹಿಂದೆ ಬರುತ್ತಾ ಹಲ್ಲು ಕಚ್ಚಿ, "ಒಂದು ಸುಳ್ಳು ಹೇಳಿದ್ರೆ ನಿಮ್ಮ ಬಾಯಿ ಸವೆದು ಹೋಗ್ತಿತ್ತಾ ಅತ್ತಿಗೆ?" ಎಂದಳು.

ಟ್ಯಾಕ್ಸಿಯಲ್ಲೂ ಅವನು ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿ ಕೂತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಬಂದು, "ಏನಾದರೂ ಕೇಳೋದಿದೆಯಾ?" ಎಂದರು. ಈವರೆಗೆ ಪ್ರತಿ ಸಲವೂ ಅವನು, ಎಲ್ಲಾ ನೀವೇ ನೋಡ್ಕೊಳ್ಳಿ, ಎಂದು ಎದ್ದು ಬರುತ್ತಿದ್ದ. ಇವತ್ತು ಬೆಂಚಿನ ತುದಿಗೆ ಸರಿದ. ಪಟ್ಟಿ ಯಾವಾಗ ಬಿಚ್ಚುತ್ತೀರಿ, ಮಲಗುವಾಗ ಯಾವ ಮಗ್ಗುಲು, ಮೆಲ್ಲಗೆ ಸರಿಯುವ ವಸ್ತು ಕಾಣೋಕೆ ಎಷ್ಟು ದಿನ ಬೇಕು? ಡಾಕ್ಟರು ಉತ್ತರಿಸಿ ಸುಸ್ತಾಗಿ ಹೋದರು.

ನರ್ಸು ಅವನ ಕೈಗೆ ಹೆಸರಿನ ಪಟ್ಟಿ ಕಟ್ಟಿದಳು. ಅಕ್ಕ ಆ ಕೈ ಹಿಡಿದಳು. ಈ ಸಲ ಅವನು ಬಿಡಿಸಿಕೊಳ್ಳಲಿಲ್ಲ.

"ಬೆಳಿಗ್ಗೆ ಭಯ ಇರಲಿಲ್ಲ ಅಕ್ಕ," ಎಂದ. "ಈಗ ತುಂಬಾ ಭಯ ಆಗ್ತಿದೆ. ದೋಣಿ ಇನ್ನೂ ನಡುನೀರಲ್ಲೇ ಇದೆಯಲ್ಲ."

"ಆಗಲಿ," ಎಂದಳು ಅಕ್ಕ.