ಬೇಲದ ಪಾನಕದ ಲಿಂಕು

ಪಾವಗಡದ ಬಸ್ಸಿಳಿದು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅಯ್ನೋರ ಹಣೆಯ ವಿಭೂತಿ ಬೆವರಿಗೆ ಕರಗಿ ಎರಡು ಹುಬ್ಬನ್ನೂ ಬೆಳ್ಳಗೆ ಮಾಡಿರುತ್ತಿತ್ತು. ಒರೆಸಿಕೊಳ್ಳಿ ಎಂದು ಟವೆಲ್ ಕೊಟ್ಟರೆ ಮೊದಲು ಮೊಬೈಲಿನ ಗಾಜು ಒರೆಸಿ, ಆಮೇಲೆ ಮುಖ ಒರೆಸಿಕೊಳ್ಳುತ್ತಿದ್ದರು. ಕೊರಟಗೆರೆ ಕಡೆಯವರು. ಪೂಜೆ ಪುನಸ್ಕಾರವನ್ನೆಲ್ಲ ಮಗನಿಗೆ ಬಿಟ್ಟು, ಮಧುಗಿರಿ, ಶಿರಾ, ಪಾವಗಡ ಎಂದು ಸುತ್ತುತ್ತ ಗಂಡು ಹೆಣ್ಣಿನ ಸಂಬಂಧ ಕೂಡಿಸುವುದೇ ಅವರ ಕೆಲಸ.

ಮಿಕ್ಕ ದಲ್ಲಾಳಿಗಳು ಹುಡುಗಿಯ ಫೋಟೋ, ಜಾತಕ, ಮನೆತನದ ವಿವರ ಎಲ್ಲವನ್ನೂ ಮೊಬೈಲಿನಲ್ಲಿ ಕಂಡಕಂಡವರಿಗೆ ಕಳಿಸಿಬಿಡುತ್ತಿದ್ದರು. ಅಯ್ನೋರಿಗೆ ಅದು ಸೇರದು. ಹಾಗೆ ಹೋದದ್ದು ಯಾರ ಯಾರ ಫೋನಿನಲ್ಲಿ ಕೂರುತ್ತದೋ, ಹುಡುಗಿಗೆ ಮದುವೆಯಾಗಿ ಮಕ್ಕಳಾದ ಮೇಲೂ ಊರೂರು ಅಲೆಯುತ್ತದೆ ಎನ್ನುತ್ತಿದ್ದರು. ಅವರು ಒಬ್ಬೊಬ್ಬರ ವಿವರವನ್ನೂ ಆನ್‌ಲೈನಿನಲ್ಲಿ ಒಂದೊಂದು ಪುಟವಾಗಿ ಬರೆದಿಟ್ಟು, ಲಿಂಕನ್ನು ಮಾತ್ರ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಅಳಿಸುವುದು ಅವರ ಕೈಯಲ್ಲೇ ಇರುತ್ತಿತ್ತು.

ಆದರೆ ಆ ಲಿಂಕೋ, ಹನುಮಂತನ ಬಾಲ. ಅವರ ವ್ಯವಹಾರವೆಲ್ಲ ಬಸ್ ಸ್ಟ್ಯಾಂಡು, ಟೀ ಅಂಗಡಿ, ಛತ್ರದ ಪಂಕ್ತಿಯಲ್ಲಿ, ಬಾಯಿಮಾತಿನಲ್ಲೇ. ಅದಕ್ಕೆ ಲಿಂಕನ್ನು ಮೊಟಕು ಮಾಡುವ ವಿದ್ಯೆ ಕಲಿತು, ಅದರ ಕೊನೆಗೆ ತಮಗೆ ತೋಚಿದ ಒಂದು ಹೆಸರು ಸೇರಿಸುತ್ತಿದ್ದರು. ಊಟಕ್ಕೆ ಕೂತಾಗ ಕೇಳಿದ್ದು ಮನೆಗೆ ಹೋಗುವವರೆಗೂ ನೆನಪಿರಬೇಕು ಎನ್ನುವುದು ಅವರ ಲೆಕ್ಕ. ಮಧುಗಿರಿಯಲ್ಲಿ ಕಾಲೆಳೆದು ನಡೆಯುವ ಹುಡುಗನೊಬ್ಬನನ್ನು ಊರೆಲ್ಲ ಕುಂಟ ಎನ್ನುತ್ತಿತ್ತು. ಅವನು ಕೊಳಲು ಚೆನ್ನಾಗಿ ನುಡಿಸುತ್ತಿದ್ದ. ಅಯ್ನೋರು ಅವನ ಲಿಂಕಿಗೆ ಇಟ್ಟ ಹೆಸರು 'ಕೊಳಲು'. ಕಾಲಿನ ವಿಷಯ ಪುಟದೊಳಗೆ ಇತ್ತು.

ನಮ್ಮ ಬೀದಿ ನನಗೂ ಒಂದು ಹೆಸರಿಟ್ಟಿತ್ತು, 'ವಾಪಸ್ ಬಂದೋಳು'. ಕುಡಿದು ಹೊಡೆಯುವ ಗಂಡನನ್ನು ಬಿಟ್ಟು, ವರ್ಷ ತುಂಬುವ ಮೊದಲೇ ವೈ.ಎನ್.ಹೊಸಕೋಟೆಯ ತವರಿಗೆ ಬಂದಿದ್ದೆ. ಕೋರ್ಟಿನಲ್ಲಿ ಎಲ್ಲ ಮುಗಿದ ಮೇಲೆ ಅಮ್ಮ ಇನ್ನೊಂದು ಗಂಡು ಹುಡುಕಲು ಹೊರಟರು. ಮೊದಲು ಬಂದ ದಲ್ಲಾಳಿ ಹಳೆಯ ಮದುವೆಯನ್ನು ಮುಚ್ಚಿಟ್ಟು ಒಂದು ಸಂಬಂಧ ತಂದ. ಗಂಡಿನ ಕಡೆಯವರು ನಮ್ಮ ಹಜಾರದಲ್ಲಿ ಕೂತಿರುವಾಗಲೇ ಅವರಿಗೆ ಯಾರೋ ಫೋನ್ ಮಾಡಿ ವಿಷಯ ಹೇಳಿದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆ ಲೋಟಗಳನ್ನು ತೊಳೆದವಳು ನಾನೇ. ಅವತ್ತಿನಿಂದ ಬಂದವರ ಮುಂದೆ ಕಾಫಿ ತಟ್ಟೆ ಹಿಡಿಯುವುದೆಂದರೆ ನನಗೆ ಆಗುತ್ತಿರಲಿಲ್ಲ.

ಆಮೇಲೆ ಬಂದವರು ಅಯ್ನೋರು. ಬೇಸಿಗೆ. ಕಾಫಿ ಮಾಡುವ ಮನಸ್ಸಿಲ್ಲದೆ, ಬೇಲದ ಹಣ್ಣು ಒಡೆದು ಬೆಲ್ಲ ಕಿವುಚಿ ಪಾನಕ ಮಾಡಿ, ಅವರ ಮುಂದೆ ಟಪ್ಪೆಂದು ಇಟ್ಟು ಬಂದೆ. ಕುಡಿದು ಇನ್ನೊಂದು ಲೋಟ ಕೇಳಿದರು. ಅಮ್ಮ ಹತ್ತಿರ ಸರಿದು, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಹಳೇದೊಂದು ಬರೆಯಬೇಡಿ ಎಂದು ಪಿಸುಗುಟ್ಟಿದರು. ಅಯ್ನೋರು ಲೋಟ ಕೆಳಗಿಟ್ಟರು.

"ಹೆಸ್ರು ಚಿಕ್ಕದಿರ್ಲಿ ಕಣವ್ವ, ಒಳಗೆ ಮಾತ್ರ ಪೂರಾ ಇರ್ಬೇಕು. ಅರ್ಧ ಹೇಳಿ ಕೊಟ್ಬುಟ್ರೆ, ಇನ್ನರ್ಧ ಯಾವಾಗ ಗೊತ್ತಾಯ್ತದೋ ಅಂತ ಹೆದ್ರಿಕಂಡೇ ಬಾಳ್ಬೇಕಾಯ್ತದೆ ನಿನ್ ಮಗ್ಳು."

ಆಮೇಲೆ ಅಡುಗೆಮನೆ ಬಾಗಿಲಿನತ್ತ ತಿರುಗಿ, "ನೀನೇನಂತೀಯ ತಾಯಿ?" ಎಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಬರೀರಿ ಅಯ್ನೋರೇ ಎಂದೆ.

ಬರೆದರು. ಮೊದಲ ಸಾಲಿನಲ್ಲೇ ಮದುವೆ ಮುರಿದದ್ದು, ಯಾಕೆ ಮುರಿಯಿತೆನ್ನುವುದು. ಕೆಳಗೆ, ಹುಡುಗಿಗೆ ಕೋಪ ಬೇಗ ಬರುತ್ತದೆ, ಬೇಗ ಇಳಿಯುತ್ತದೆ ಎಂದೂ ಸೇರಿಸಿ ಗಟ್ಟಿಯಾಗಿ ಓದಿದರು. ನನಗೆ ನಿಜಕ್ಕೂ ಕೋಪ ಬಂತು. ಲಿಂಕಿಗೆ ಇಟ್ಟ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ, 'ಬೇಲದಪಾನಕ'.

ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಓದಿದವರು ಓದಿ ಸುಮ್ಮನಾಗುತ್ತಿದ್ದರು. ಅಮ್ಮ ಫೋನ್ ಮಾಡಿ, ಆ ಮೊದಲ ಸಾಲು ತೆಗೆಯಿರೆಂದು ಅತ್ತರು, ಬೈದರು. ಅಯ್ನೋರು ಬೈಸಿಕೊಂಡರು, ಸಾಲು ತೆಗೆಯಲಿಲ್ಲ. ಈ ಮುದುಕನ ಹಟಕ್ಕೆ ನಾನು ಹೀಗೇ ಉಳಿದುಹೋದೆ ಎಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಕೊನೆಗೆ ಶಿರಾದಿಂದ ಒಂದು ಮನೆಯವರು ಬಂದರು. ಯಾವುದೋ ಮದುವೆ ಊಟದಲ್ಲಿ ಅಯ್ನೋರು ಹೇಳಿದ ಹೆಸರನ್ನು ಹುಡುಗನ ತಾಯಿ ಮನೆಯವರೆಗೂ ಬಾಯಲ್ಲೇ ಇಟ್ಟುಕೊಂಡು ಹೋಗಿದ್ದರಂತೆ. ನಾನು ಕಾಫಿ ತಟ್ಟೆ ಹಿಡಿದು ಬಂದೆ. ಲೋಟಗಳು ಒಂದಕ್ಕೊಂದು ತಗುಲಿ ಸದ್ದು ಮಾಡುತ್ತಿದ್ದವು. ಆಕೆ ಕೈ ಚಾಚಿ ತಟ್ಟೆಯನ್ನು ಹಿಡಿದುಕೊಂಡರು.

"ಎಲ್ಲಾ ಓದ್ಕಂಡೇ ಬಂದಿದೀವಿ ಕಣಮ್ಮ. ಕಾಫಿ ಬ್ಯಾಡ, ಬೇಲದ ಪಾನಕ ಮಾಡ್ತೀಯಂತಲ್ಲ, ಅದ್ನ ಕೊಡು."

ಮೂಲೆಯಲ್ಲಿ ಕೂತಿದ್ದ ಅಯ್ನೋರು ತಲೆ ಬಗ್ಗಿಸಿ ಮೊಬೈಲ್ ಒರೆಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅಯ್ನೋರು ತೀರಿಕೊಂಡರು. ಕೊರಟಗೆರೆಗೆ ಹೋಗಿ ಮಣ್ಣು ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ, ಇನ್ನೆಲ್ಲಿ ಇರುತ್ತದೆ ಎಂದುಕೊಂಡೇ ಆ ಲಿಂಕನ್ನು ಒತ್ತಿ ನೋಡಿದೆ. ಪುಟ ತೆರೆಯಿತು. ನನ್ನ ಬಗ್ಗೆ ಬರೆದದ್ದನ್ನೆಲ್ಲ ಅಳಿಸಿ ಇಷ್ಟೇ ಬಿಟ್ಟಿದ್ದರು: 'ಹುಡುಗಿ ಮನೆ ಸೇರಿದ್ದಾಳೆ. ಇನ್ನು ಹುಡುಕಬೇಡಿ.'

ಅವತ್ತು ಪಾನಕ ಕೇಳಿದ್ದ ಅತ್ತೆ ಪಕ್ಕದಲ್ಲೇ ಇದ್ದರು, ತೋರಿಸಿದೆ. ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಕೋಪದ ವಿಷಯವೊಂದನ್ನು ಅಳಿಸಬಾರದಾಗಿತ್ತು ಎಂದರು. ನಾನು ನಗುತ್ತಲೇ ಅತ್ತುಬಿಟ್ಟೆ.

ಈ ಮನೆಗೆ ಬಂದ ಮೇಲೆ ಯಾರ ಫೋನ್ ರಿಂಗಾದರೂ ನನ್ನ ಎದೆ ಹೊಡೆದುಕೊಂಡದ್ದಿಲ್ಲ. ಹೇಳದೆ ಉಳಿದ ಅರ್ಧ ಎನ್ನುವುದು ನನ್ನ ಬದುಕಿನಲ್ಲಿ ಇಲ್ಲ. ಆ ನೆಮ್ಮದಿ ಅಯ್ನೋರು ಕೊಟ್ಟದ್ದು.