ಒಂದೇ ದಿಕ್ಕಿಗೆ ತಿಕ್ಕಿದ ಬಿಲ್ಲೆಗಳು

ಶಿವಕುಮಾರಿ ಬಾಯಿ ಮುಚ್ಚಿಕೊಂಡು ಕೂರುವ ಹೆಂಗಸಲ್ಲ. ಚಿಕ್ಕಪೇಟೆಯ ಜವಳಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಅಂಗಡಿ ಬಿಟ್ಟು ಜೀವವಿಜ್ಞಾನ ಓದಲು ಹೊರಟಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಮುರಿದುಕೊಳ್ಳಲಿ ಬಿಡಿ, ಮೂಗು ಅವರದ್ದೇ ತಾನೇ.

ಈಗ ಮಲ್ಲೇಶ್ವರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಅವಳ ಕೆಲಸ. ಕಟ್ಟಿಕೊಂಡ ರಕ್ತನಾಳದೊಳಗೆ ವೈದ್ಯರು ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆ ಇಡುತ್ತಾರಲ್ಲ, ಆ ಲೋಹದ ಮೇಲೆ ನಾಳದ ಒಳಪದರದ ಜೀವಕೋಶಗಳು ಹರಡಿ ಹೊದಿಕೆಯಾಗಬೇಕು. ಆಗದಿದ್ದರೆ ಅಲ್ಲೇ ರಕ್ತ ಹೆಪ್ಪುಗಟ್ಟುವ ಭಯ. ಲೋಹ ಕನ್ನಡಿಯಷ್ಟು ನುಣುಪಾಗಿರಬೇಕು ಎಂಬುದು ಮುಖ್ಯಸ್ಥ ಅನಿಲ್ ಕುಮಾರ್ ಅವರ ಹಟ. ಆದರೆ ಪರೀಕ್ಷೆಗೆಂದು ಅದೇ ಲೋಹದಲ್ಲಿ ಮಾಡಿಸಿದ ಅವರ ನುಣುಪು ಬಿಲ್ಲೆಗಳ ಮೇಲೆ ರಕ್ತ ಹರಿಯುವಂತೆ ದ್ರವ ಹರಿಸಿದೊಡನೆ ಕೋಶಗಳು ಕಿತ್ತುಕೊಂಡು ಹೋಗುತ್ತಿದ್ದವು.

ಆಯುಧಪೂಜೆಗೆ ಎಲ್ಲರೂ ಸೇರಿ ಪ್ರಯೋಗಾಲಯ ತೊಳೆದರು. ಪೂಜೆಗಿಡುವ ಬಿಲ್ಲೆಗಳನ್ನು ಒರೆಸುವ ಕೆಲಸ ಶಿವಕುಮಾರಿಯದು. ಮನೆಯಲ್ಲಿ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ವಿಭೂತಿ ಹಚ್ಚಿ, ಒಂದೇ ದಿಕ್ಕಿಗೆ ತಿಕ್ಕಿ ಬೆಳಗುವುದು ಅಜ್ಜಿ ಕಲಿಸಿದ ರೂಢಿ. ಪೂಜೆಯ ಸಂಭ್ರಮದಲ್ಲಿ ಕೈ ಇಲ್ಲೂ ವಿಭೂತಿ ಹಚ್ಚಿ ಹಾಗೇ ತಿಕ್ಕಿಬಿಟ್ಟಿತು. ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿಲ್ಲೆಗಳ ತುಂಬ ಕೂದಲಿಗಿಂತ ತೆಳುವಾದ ಗೀರುಗಳು.

"ಹಾಳಾಯ್ತು, ಬಿಸಾಕಿ," ಎಂದರು ಅನಿಲ್.

ಅವಳು ಬಿಸಾಕಲಿಲ್ಲ. ತೊಳೆದು, ಶುದ್ಧೀಕರಿಸಿ, ಅವುಗಳ ಮೇಲೇ ಕೋಶಗಳನ್ನು ಬೆಳೆಸಿದಳು. ಅವು ಗೀರುಗಳ ಉದ್ದಕ್ಕೂ ಮೈ ನೀಳ ಮಾಡಿಕೊಂಡು ಸಾಲಾಗಿ ಮಲಗಿದ್ದವು. ದ್ರವ ಹರಿಸಿದರೂ ಜಗ್ಗಲಿಲ್ಲ. ಹೊಸ ಬಿಲ್ಲೆಗಳನ್ನು ತಿಕ್ಕಿ ಮತ್ತೆ ಮತ್ತೆ ಪರೀಕ್ಷಿಸಿದಳು, ಅದೇ ಫಲ. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ಅನಿಲ್ ಅವರ ವರಸೆ ಬದಲಾಯಿತು. "ರಿಸರ್ಚ್ ಪೇಪರ್‌ನಲ್ಲಿ ಮಿಷಿನ್‌ನಿಂದ ಗೀರಿದ್ವಿ ಅಂತ ಬರೀರಿ. ವಿಭೂತಿ ಅಂದ್ರೆ ಜನ ನಗ್ತಾರೆ. ಒಪ್ಪಲ್ಲ ಅಂದ್ರೆ ಅದ್ರಲ್ಲಿ ನಿಮ್ಮ ಹೆಸರೇ ಇರಲ್ಲ."

"ಹೆಸರು ತೆಗೀರಿ ಸರ್, ಸುಳ್ಳು ಮಾತ್ರ ಬರೆಯಲ್ಲ. ನಾಳೆ ಯಾರೋ ನಮ್ಮನ್ನ ನಂಬಿ ಮಿಷಿನ್‌ನಲ್ಲೇ ಗೀರ್ತಾರೆ. ಅಲ್ಲಿ ಕೋಶ ನಿಲ್ಲದೇ ಹೋದ್ರೆ ಯಾರು ಗತಿ?"

ಅವರು ನಿಜಕ್ಕೂ ಹೆಸರು ತೆಗೆದರು. ಹೊಟ್ಟೆ ಉರಿಯಿತು, ಯಾರಿಗೆ ಉರಿಯುವುದಿಲ್ಲ? ಆದರೂ ಅನಿಲ್ ಆ ಪೇಪರ್ ಮಂಡಿಸಲಿದ್ದ ವೈದ್ಯರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಅವರು ಸಾಲಾಗಿ ಮಲಗಿದ ಕೋಶಗಳ ಚಿತ್ರ ತೋರಿಸಿ "ಯಂತ್ರದಿಂದ ಗೀರಿದ ಮೇಲ್ಮೈ" ಎನ್ನುತ್ತಲೇ ಎದ್ದು ನಿಂತಳು.

"ಯಂತ್ರ ಅಲ್ಲ, ತಿಕ್ಕಿದ್ದು ನಾನು. ವಿಭೂತೀಲಿ, ಈ ಕೈಯಲ್ಲಿ. ನಗೋರು ಈಗ್ಲೇ ನಕ್ಬಿಡಿ, ಆಮೇಲೆ ಚಿತ್ರ ನೋಡಿ."

ಕೆಲವರು ನಕ್ಕೇಬಿಟ್ಟರು. ಅವಳು ಕೂರಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ನಗು ನಿಂತ ಮೇಲೆ ಮುಂದಿನ ಸಾಲಿನಿಂದ ಹೃದ್ರೋಗ ತಜ್ಞೆ ಮಧುರಾ ತಿರುಗಿ ನೋಡಿದರು.

"ಎಷ್ಟು ಒತ್ತಿ ತಿಕ್ಕಿದ್ರಿ?"

"ಬಂದೆ ಮೇಡಂ, ಹೇಳ್ತೀನಿ," ಎಂದ ಶಿವಕುಮಾರಿ ನೇರ ವೇದಿಕೆಗೆ ನಡೆದು, ಅನಿಲ್ ಅವರ ಮುಂದೆ ಮೈಕಿಗಾಗಿ ಕೈ ಚಾಚಿದಳು.