ಕೊಡೆ ಹಿಡಿದ ಹೆಂಗಸು ಹಡಗಿನ ಬಾಲದಲ್ಲಿ

ಫ್ಯಾನ್ ಹಾಕಿ ನೋಡಿದ್ದು ಮೊದಲೋ, ಸಿಸಿಲಿಯಾ ಆಂಟಿ ಬಂದದ್ದು ಮೊದಲೋ, ಈಗ ಖಚಿತವಿಲ್ಲ. ನೆನಪು ತನಗೆ ಚೆಂದ ಕಂಡಂತೆ ಜೋಡಿಸಿಕೊಂಡಿರಬಹುದು. ಗಲ್ಫಿನಲ್ಲಿ, ಅಲ್ ಕೂಜ್‌ನ ನಮ್ಮ ವರ್ಕ್‌ಶಾಪಿನಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡಿನ ಹಡಗೊಂದು ನಿಂತಿತ್ತು. ಉಡುಪಿ ಕಡೆಯ ನಮ್ಮೂರಿನಿಂದ ಮೊದಮೊದಲು ಗಲ್ಫಿಗೆ ಬಂದವರ ನೆನಪಿಗೆ, ಊರಿನ ಬಸ್ ಸ್ಟ್ಯಾಂಡಿನ ಮೇಲೆ ಕೂರಿಸಲು ಮಾಡಿದ್ದು. ಮುಂಭಾಗದಲ್ಲಿ ಟ್ರಂಕು ಹೊತ್ತ ಗಂಡಸರು. ಪರೀಕ್ಷೆಗೆಂದು ಫ್ಯಾನ್ ಹಾಕಿದರೆ ಹಡಗು ಗಾಳಿಗೆ ಮುಖ ಕೊಡದೆ ಅಡ್ಡ ನಿಲ್ಲುತ್ತಿತ್ತು.

ಆಂಟಿ ಆ ಕಾಲದಲ್ಲಿ ಬೊಂಬಾಯಿಯಿಂದ ಹಡಗಿನಲ್ಲೇ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ತಗಡಿನ ಹಡಗಿಗೆ ಒಂದು ಸುತ್ತು ಬಂದು ಕೇಳಿದರು: "ಎಂತದು ಮಾರಾಯ, ನಾನು ಈಜಿಕೊಂಡು ಬಂದದ್ದಾ?"

ನಾವು ನಕ್ಕೆವು. ಅವರು ನಗಲಿಲ್ಲ.

"ನಿಮ್ಮನ್ನು ಹೇಗೆ ಮಾಡುವುದು ಆಂಟಿ?" ಎಂದೆ.

"ಕೈಯಲ್ಲಿ ಕೊಡೆ ಇರಲಿ. ಇಲ್ಲಿ ಮಳೆ ಇಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ."

ಬಿಡಿಸಿದ ಕೊಡೆಯ ಸಮೇತ ಒಬ್ಬ ಹೆಂಗಸನ್ನು ತಗಡಿನಲ್ಲಿ ಕತ್ತರಿಸಿದೆವು. ಜಾಗ ಉಳಿದಿದ್ದದ್ದು ಬಾಲದಲ್ಲಿ ಮಾತ್ರ. ಅಲ್ಲೇ ವೆಲ್ಡ್ ಮಾಡಿದೆವು. ಮತ್ತೆ ಫ್ಯಾನ್ ಹಾಕಿದಾಗ ಗಾಳಿ ಕೊಡೆಯನ್ನು ಹಿಂದಕ್ಕೆ ತಳ್ಳಿತು, ಹಡಗು ನೇರ ಗಾಳಿಯತ್ತ ತಿರುಗಿ ನಿಂತಿತು. ಮೊದಲು ಬಾಲ ಚಿಕ್ಕದಾಗಿದ್ದದ್ದೇ ನಮ್ಮ ತಪ್ಪು; ಕೊಡೆ ಅದನ್ನು ಅಗಲ ಮಾಡಿತ್ತು.

"ಖಲಾಸ್," ಎಂದರು ಆಂಟಿ. "ಇನ್ನು ದಾರಿ ತಪ್ಪುವುದಿಲ್ಲ."

ಹಡಗು ಈಗ ಊರಿನ ಬಸ್ ಸ್ಟ್ಯಾಂಡಿನ ಮೇಲೆ ತಿರುಗುತ್ತಿದೆ. ಆಂಟಿಯ ಜೊತೆ ಅಂದು ಬೇರೆ ಎಷ್ಟು ಹೆಂಗಸರು ಬಂದಿದ್ದರೋ, ಅವರ ಹೆಸರೇನೋ, ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.